ಮುಟ್ಟಿನ ಚಕ್ರದುದ್ದಕ್ಕೂ ಗರ್ಭಕೋಶದ ಒಳಪದರ ಹಾರ್ಮೋನುಗಳಿಗೆ ಒಂದೇ ಥರ ಸ್ಪಂದಿಸುತ್ತಾ?

ಇಲ್ಲ. ನಮ್ಮ ಮುಂಬೈಯಲ್ಲಿ ಮುಟ್ಟಿಗೆ ಮರಾಠಿಯವರು ‘ಪಾಳಿ’ ಅನ್ನುತ್ತಾರೆ ಅಲ್ವಾ? ಕನ್ನಡದ ಪಾಳಿಯ ಅರ್ಥವೂ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಎರಡು ಹಾರ್ಮೋನುಗಳು ಪಾಳಿಯ ಮೇಲೆ ದುಡಿಯುತ್ತವೆ.

ಮೊದಲ ಪಾಳಿ ಈಸ್ಟ್ರೋಜನ್‌ನದು. ಒಳಪದರ ದಪ್ಪವಾಗುತ್ತದೆ. ಜೊತೆಗೆ ಅದರ ಜೀವಕೋಶಗಳಲ್ಲಿ ರಿಸೆಪ್ಟರ್‌ಗಳು, ಅಂದರೆ ಹಾರ್ಮೋನು ಬಂದು ಕೂರುವ ಜಾಗಗಳು, ಜಾಸ್ತಿಯಾಗುತ್ತವೆ. ಈಸ್ಟ್ರೋಜನ್ ತನ್ನದಷ್ಟೇ ಅಲ್ಲ, ಮುಂದೆ ಬರುವ ಪ್ರೊಜೆಸ್ಟರಾನ್‌ನ ಜಾಗಗಳನ್ನೂ ಹೆಚ್ಚಿಸಿಟ್ಟಿರುತ್ತದೆ.

ಅಂಡ ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ. ತಮಾಷೆ ಅಂದರೆ, ಅದು ಎರಡೂ ಬಗೆಯ ರಿಸೆಪ್ಟರ್‌ಗಳನ್ನು ತಗ್ಗಿಸುತ್ತದೆ. ಬಂದ ನೆಂಟ ತನ್ನ ಕುರ್ಚಿಯನ್ನೇ ಎತ್ತಿಟ್ಟ ಹಾಗೆ! ಒಳಪದರದಲ್ಲೇ ಇರುವ ಗ್ರಂಥಿಗಳಲ್ಲಿ ಈ ಇಳಿಕೆ ಎದ್ದು ಕಾಣುತ್ತದೆ. ಸುತ್ತಲಿನ ಅಂಗಾಂಶದಲ್ಲಿ ಮಾತ್ರ ಪ್ರೊಜೆಸ್ಟರಾನ್ ರಿಸೆಪ್ಟರ್ ಉಳಿದಿರುತ್ತದೆ. ಚಕ್ರದ ಕೊನೆಯ ಹೊತ್ತಿಗೆ ಅದೇ ಅಂಗಾಂಶ ಪ್ರೊಲ್ಯಾಕ್ಟಿನ್ ತಯಾರಿಸಲು ಶುರು ಮಾಡುತ್ತದೆ. ಹೌದು, ಎದೆಹಾಲಿಗೆ ಬೇಕಾದ ಅದೇ ಹಾರ್ಮೋನು!

ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಇಳಿದು ಪದರ ಕಳಚುತ್ತದೆ.

ಹಾಗಾಗಿ ಒಳಪದರದ ಬಯಾಪ್ಸಿ ಮಾಡಿಸುವಾಗ ಕೊನೆಯ ಮುಟ್ಟಿನ ತಾರೀಕು ಸುಮ್ನೆ ಅಂದಾಜಿಗೆ ಹೇಳಬೇಡಿ. ದಿನ ತಿಳಿಯದೆ ಆ ರಿಪೋರ್ಟ್ ಓದುವುದು ಕಷ್ಟ.