ಇಪ್ಪತ್ತು ಅಂಕಿಗಳ ಸಂಖ್ಯೆ: ಸಕಲೇಶಪುರದ ಲೇಖಕರಿಗೆ ಉತ್ತರ

ಮಾನ್ಯರೇ,

ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಇಮ್ಮಡಿಸುತ್ತ ಹೋಗುವ ಹಳೆಯ ಕಥೆಯನ್ನು ಹಿಡಿದು ನೀವು ಬರೆದ ಲೇಖನ ಹಾಸನಕ್ಕೆ ಬಂದು ತಲುಪಿತು. ಗೋಧಿಯ ಬದಲು ಕಾಫಿ ಬೀಜ ಇಟ್ಟದ್ದು ಹಿಡಿಸಿತು, ಭಾಷೆಯೂ ಶುದ್ಧವಾಗಿದೆ. ಆದರೆ ಮೂರನೆಯ ಪುಟದ ಎರಡು ಸಾಲುಗಳು ನನ್ನನ್ನು ಬಿಡದೆ ಕಾಡಿದ್ದರಿಂದ, ಈ ಪತ್ರದಲ್ಲಿ ಅವನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಮೊದಲನೆಯದು: “ಅರವತ್ತನಾಲ್ಕು ಮನೆಗಳ ಈ ಮೊತ್ತ ಎಷ್ಟು ಅಗಾಧವೆಂದರೆ, ಇದನ್ನು ಯಾವ ಸಂಖ್ಯೆ ಭಾಗಿಸೀತೆಂದು ಹುಡುಕುವುದು ಮನುಷ್ಯಮಾತ್ರರಿಂದ ಆಗದ ಕೆಲಸ.” ಮೊದಲ ಪುಟದಲ್ಲಿ ನೀವೇ ಆ ಸಂಖ್ಯೆಯನ್ನು 18446744073709551615 ಎಂದು ಸರಿಯಾಗಿ ಬರೆದಿದ್ದೀರಿ. ಅದರ ಕೊನೆಯ ಅಂಕಿ 5. ಐದರ ಮಗ್ಗಿ ಕಲಿತ ಮಗುವೂ ಅದರ ಒಂದು ಭಾಜಕವನ್ನು ಹೇಳಬಲ್ಲದು. ನೀವು ಸಂಖ್ಯೆಯನ್ನು ಬರೆದಿರಿ, ಆದರೆ ಅದರ ಮುಖ ನೋಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಇದು 2⁶⁴ − 1. ಎರಡು ವರ್ಗಗಳ ವ್ಯತ್ಯಾಸವನ್ನು ಒಡೆಯುವ ಪ್ರೌಢಶಾಲೆಯ ಸೂತ್ರವನ್ನು ಹಾಕಿದರೆ ಅದು 2³² + 1 ಮತ್ತು 2³² − 1 ಎಂದು ಎರಡಾಗುತ್ತದೆ. ಎರಡನೆಯದನ್ನು ಮತ್ತೆ ಹಾಗೆಯೇ ಒಡೆಯುತ್ತ ಹೋದರೆ 3, 5, 17, 257, 65537 ಮತ್ತು 4294967297 ಎಂಬ ಆರು ಅಪವರ್ತನಗಳು ಅರ್ಧ ಹಾಳೆಯೊಳಗೆ ಕೈಗೆ ಬರುತ್ತವೆ. ಎರಡನ್ನು ಮತ್ತೆ ಮತ್ತೆ ವರ್ಗಿಸಿ ಒಂದು ಕೂಡಿಸಿದರೆ ಬರುವ ಈ ಕುಲದ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ಹದಿನೇಳನೆಯ ಶತಮಾನದ ಗಣಿತಜ್ಞ ಫರ್ಮಾ ನಂಬಿದ್ದರು. ಮೊದಲ ಐದು ಹೌದು. ಆರನೆಯದನ್ನು 641 ಭಾಗಿಸುತ್ತದೆಂದು ಗಣಿತಜ್ಞ ಆಯ್ಲರ್ 1732ರಲ್ಲಿ ತೋರಿಸಿದರು. ಅದನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಆದ್ದರಿಂದ ಪರೀಕ್ಷಿಸಬೇಕಾದವು 193, 257, 449, 577, ಆಮೇಲೆ 641. ಐದನೆಯ ಭಾಗಾಕಾರಕ್ಕೇ ಉತ್ತರ ಸಿಗುತ್ತದೆ, ಮತ್ತು ಭಾಗಲಬ್ಧವಾದ 6700417 ಕೂಡ ಅವಿಭಾಜ್ಯವೇ. ಇಷ್ಟೊಂದು ಸೊಗಸನ್ನು ಒಡಲಲ್ಲಿಟ್ಟುಕೊಂಡ ಸಂಖ್ಯೆಗೆ “ಅಗಾಧ” ಎಂಬ ಒಂದೇ ಪದವನ್ನು ನೀವು ಏಳು ಸಲ ಬಳಸಿದ್ದೀರಿ.

ಎರಡನೆಯ ಸಾಲು: “ಮತ್ತೊಮ್ಮೆ ಹೇಳುತ್ತೇನೆ, 1844674407370955165!” ಇಲ್ಲಿ ಹತ್ತೊಂಬತ್ತೇ ಅಂಕಿಗಳಿವೆ. ಕೊನೆಯ ಐದರ ಹಿಂದಿನ ಒಂದು ಬಿಟ್ಟುಹೋಗಿ, ರಾಶಿ ಹತ್ತರಲ್ಲೊಂದು ಪಾಲಿಗೆ ಇಳಿದಿದೆ.

ನಾನು ಹಾಸನದ ಒಂದು ಚಿಕ್ಕ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಲು ಸೇರಿದ ಹೊಸತರಲ್ಲಿ, ಸಹಕಾರ ಸಂಘವೊಂದರ ವಾರ್ಷಿಕ ವರದಿಯಲ್ಲಿ ಇಂಥದೇ ಒಂದು ಅಂಕಿಯನ್ನು ಬಿಟ್ಟಿದ್ದೆ. ಹಿರಿಯ ಕಂಪೋಸಿಟರ್ ಬೈಯಲಿಲ್ಲ. ಆ ಸಾಲಿನ ಅಚ್ಚುಮೊಳೆಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಅಂಗೈಯಲ್ಲಿಟ್ಟು, “ಅಂಕಿಯನ್ನು ಓದಬೇಡ ಮಾರಾಯ, ಕೂಡು” ಎಂದರು. ಮಸಿ ಹತ್ತಿದ ಆ ಸೀಸದ ತಣ್ಣನೆಯ ಭಾರ ಈಗಲೂ ಕೈಯಲ್ಲಿದೆ. ಅಂದಿನಿಂದ ನಾನು ಯಾವ ದೊಡ್ಡ ಸಂಖ್ಯೆಯನ್ನೂ ಕೂಡದೆ ಅಚ್ಚಿಗೆ ಕಳುಹಿಸಿಲ್ಲ. ನಿಮ್ಮ ಮೊದಲ ಪುಟದ ಅಂಕಿಗಳ ಮೊತ್ತ 87. ಎಂಟು ಏಳು ಹದಿನೈದು, ಒಂದು ಐದು ಆರು; ಆ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೆ ಉಳಿಯುವ ಶೇಷವೂ ಇದೇ. ಎರಡರ ಘಾತಗಳನ್ನು ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷಗಳು 2, 4, 8, 7, 5, 1 ಎಂದು ಆರಾರಕ್ಕೆ ಮರುಕಳಿಸುವುದರಿಂದ ಅರವತ್ತನಾಲ್ಕನೆಯದಕ್ಕೆ 7, ಅದರಲ್ಲಿ ಒಂದು ಕಳೆದರೆ 6, ಎರಡೂ ತಾಳೆಯಾಯಿತು. ಮೂರನೆಯ ಪುಟದ್ದು 86, ಅಂದರೆ 5; ತಪ್ಪು ಅಲ್ಲೇ ಸಿಕ್ಕಿಬಿತ್ತು. ಅಂಕಿಗಳು ಅದಲುಬದಲಾದರೆ ಈ ಪರೀಕ್ಷೆ ಹಿಡಿಯಲಾರದು, ಸೊನ್ನೆ ಬಿಟ್ಟುಹೋದರೂ ಹಿಡಿಯಲಾರದು. ಆದ್ದರಿಂದ 1,84,46,74,40,73,70,95,51,615 ಎಂದು ಅಲ್ಪವಿರಾಮ ಹಾಕಿ ಬರೆದು, ಮೂಲದೊಡನೆ ಬಲದಿಂದ ಎಡಕ್ಕೂ ಒಮ್ಮೆ ಹೋಲಿಸಿ ನೋಡಿ.

ಮೂರನೆಯ ಪುಟವನ್ನು ಹೊಸದಾಗಿ ಬರೆದು ಕಳುಹಿಸಿ, ಲೇಖನವನ್ನು ಮತ್ತೆ ಓದುತ್ತೇನೆ. 4294967297ನ್ನು 641ರಿಂದ ನಿಮ್ಮ ಕೈಯಲ್ಲೇ ಭಾಗಿಸಿದ ಹಾಳೆಯನ್ನೂ ಜೊತೆಯಲ್ಲಿಡಿ.

ಇತಿ,
ಸಂಪಾದಕ