ಎಂಡಿಎಫ್ ಕಟ್ ಮಾಡ್ವಾಗ ಸುಟ್ಟ ವಾಸನೆ: ಪ್ರತಿಕ್ರಿಯೆ
18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಟ್ ಮಾಡ್ವಾಗ ಸುಟ್ಟ ವಾಸನೆ ಬರತ್ತೆ, ಆದ್ರೂ ರಾತ್ರಿ ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸೋ ಕತ್ತರಿಸೋ ಮಷಿನ್) ಓಡೋಕೆ ಬಿಟ್ಟು ಮನೆಗೆ ಹೋಗ್ಬಹುದಾ ಅಂತ ಕೇಳಿದೀರಲ್ಲ, ಬೇಡ ಸಾರ್, ದಯವಿಟ್ಟು. ವಾಸನೆ ಬಂತಂದ್ರೆ ಬಿಟ್ (ತಿರುಗ್ತಾ ಕತ್ತರಿಸೋ ಟೂಲ್) ಕತ್ತರಿಸ್ತಿಲ್ಲ, ಉಜ್ತಾ ಇದೆ. ಒಂದೋ ಬಿಟ್ ಮೊಂಡಾಗಿದೆ, ಇಲ್ಲಾ ಫೀಡ್ (ಬಿಟ್ ಮುಂದೆ ಸಾಗೋ ವೇಗ) ತೀರಾ ಕಮ್ಮಿ ಇಟ್ಟಿದೀರ. ನಿಧಾನಕ್ಕೆ ಓಡಿಸಿದ್ರೆ ಸೇಫ್ ಅನ್ಕೋತಾರೆ ಸುಮಾರು ಜನ, ಆಗೋದು ಉಲ್ಟಾ, ಎರಡು ಫ್ಲೂಟ್ (ಅಂದ್ರೆ ಎರಡು ಹಲ್ಲಿನ) ಬಿಟ್ಟಿಗೆ 18,000 ಆರ್‌ಪಿಎಂ ಕೊಟ್ಟು ಫೀಡ್ ನಿಮಿಷಕ್ಕೆ 1,800 ಎಂಎಂ ಇಟ್ರೆ ಒಂದೊಂದು ಹಲ್ಲು ತಿನ್ನೋದು ಬರೀ 0.05 ಎಂಎಂ, ಹಿಟ್ಟಿನಂಥ ಪುಡಿ ಬರತ್ತೆ, ಬಿಸಿಯೆಲ್ಲ ಬಿಟ್ಟಲ್ಲೇ ಉಳಿಯತ್ತೆ.

ಅದಕ್ಕಿಂತ ಡೇಂಜರ್ ಅಂದ್ರೆ ಕಪ್ಲಿಂಗ್ (ಮೋಟರ್ ಜೋಡಿಸೋ ಭಾಗ) ಸ್ಕ್ರೂ ಲೂಸಾಗಿ ಆಕ್ಸಿಸ್ (ಬಿಟ್ಟನ್ನ ಅತ್ತಿತ್ತ ಸರಿಸೋ ಭಾಗ) ನಿಂತುಬಿಡೋದು, ಸ್ಪಿಂಡಲ್ (ಬಿಟ್ ತಿರುಗಿಸೋ ಮೋಟರ್) ಮಾತ್ರ ಒಂದೇ ಜಾಗದಲ್ಲಿ ತಿರುಗ್ತಾನೇ ಇರತ್ತೆ, ಕಿಡಿ ಹುಟ್ಟಿದ್ರೆ ಸೀದಾ ಡಸ್ಟ್ ಕಲೆಕ್ಟರ್ ಬ್ಯಾಗಿಗೆ, ಅಲ್ಲಿ ಗಂಟೆಗಟ್ಲೆ ಒಳಗೊಳಗೇ ಹೊಗೆಯಾಡಿ ಆಮೇಲೆ ಹತ್ಕೊಳತ್ತೆ. ಬೀಗ ಹಾಕೋ ಮುಂಚೆ ಬ್ಯಾಗ್ ಖಾಲಿ ಮಾಡಿ, ಪುಡಿನ ಮುಚ್ಚಳ ಇರೋ ತಗಡಿನ ಡ್ರಮ್ಮಲ್ಲಿ ಹೊರಗಿಡಿ.

ಕರೆಂಟ್ ಪ್ಯಾನಲ್ ಒಳಗೂ ಧೂಳು ಕೂತಿರತ್ತೆ, ಮೇನ್ ಆಫ್ ಮಾಡಿ, ವಿಎಫ್‌ಡಿ (ಸ್ಪಿಂಡಲ್ ವೇಗ ನಿಯಂತ್ರಿಸೋ ಡ್ರೈವ್) ಕೆಪಾಸಿಟರ್ ಡಿಸ್ಚಾರ್ಜ್ ಆಗೋವರ್ಗೂ ಕಾದು ಕ್ಲೀನ್ ಮಾಡಿ, ಟರ್ಮಿನಲ್ ಸ್ಕ್ರೂ ಟೈಟ್ ಮಾಡ್ಸಿ. ಎಮರ್ಜೆನ್ಸಿ ಸ್ಟಾಪ್ ಒತ್ತಿದ್ರೆ ಸ್ಪಿಂಡಲ್ಲೂ ನಿಲ್ಲತ್ತಾ ಒಮ್ಮೆ ಟೆಸ್ಟ್ ಮಾಡಿ, ಕೆಲವದ್ರಲ್ಲಿ ಆಕ್ಸಿಸ್ ಮಾತ್ರ ನಿಲ್ಲತ್ತೆ. ಎಕ್ಸ್‌ಟಿಂಗ್ವಿಷರ್ ಮಷಿನ್ ಹಿಂದೆ ಬೇಡ, ಬಾಗಿಲ ಹತ್ರ ಇಡಿ. ಮೊದ್ಲು ಹೊಸ ಬಿಟ್ ಹಾಕಿ ನೋಡಿ, ಆಮೇಲೂ ವಾಸನೆ ಬಂದ್ರೆ ಬಿಟ್ ಸೈಜು, ಒಂದು ಪಾಸಿಗೆ (ಒಂದು ಸಲದ ಓಟಕ್ಕೆ) ಎಷ್ಟು ಆಳ ತಗೋತೀರ ಅಂತ ಹೇಳಿ.