ಒಂದೇ ವಾರದಲ್ಲಿ ಎರಡು ಲ್ಯಾಬ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅಂತೀವಲ್ಲ, ಅದು) ಒಮ್ಮೆ 140, ಇನ್ನೊಮ್ಮೆ 128. ಯಾವುದನ್ನು ನಂಬೋದು?

ಎರಡೂ ಸರಿ ಇರಬಹುದು, ಇಷ್ಟು ವ್ಯತ್ಯಾಸ ಮಾಮೂಲಿ. ದೇಹವೇ ಒಂದೇ ಕಡೆ ನಿಲ್ಲೋದಿಲ್ಲ, ಅದೇ ಮನುಷ್ಯನ ಒಟ್ಟು ಕೊಲೆಸ್ಟ್ರಾಲ್ ದಿನದಿಂದ ದಿನಕ್ಕೆ ಶೇ. 5-6ರಷ್ಟು ಮೇಲೆ ಕೆಳಗೆ ಆಗುತ್ತಿರುತ್ತದೆ.

ಆದರೆ ಅಸಲಿ ವಿಷಯ ಬೇರೆ ಇದೆ. ಎಷ್ಟೋ ಲ್ಯಾಬ್‌ಗಳು ಎಲ್‌ಡಿಎಲ್ ಅಳೆಯುವುದೇ ಇಲ್ಲ, 1972ರ ಫ್ರೀಡ್‌ವಾಲ್ಡ್ ಸೂತ್ರದಲ್ಲಿ ಲೆಕ್ಕ ಹಾಕಿ ಬರೆಯುತ್ತವೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಕಳೆಯಬೇಕು, ಆಮೇಲೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು, ಅದರ ಐದರಲ್ಲೊಂದು ಪಾಲು ಕಳೆಯಬೇಕು. ಒಟ್ಟು 210, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಅಂದುಕೊಳ್ಳಿ. 210ರಲ್ಲಿ 40 ಹೋಯ್ತು, 30 ಹೋಯ್ತು, ಉಳಿದದ್ದು 140. ಅದೇ ನೀವು ಹೋಳಿಗೆ ತುಪ್ಪದ ಊಟ ಮುಗಿಸಿ ಎರಡು ಮೂರು ಗಂಟೆಯಲ್ಲೇ ರಕ್ತ ಕೊಟ್ಟು ಟ್ರೈಗ್ಲಿಸರೈಡ್ 210 ಬಂದರೆ? 42 ಕಳೆಯುತ್ತಾರೆ, ಎಲ್‌ಡಿಎಲ್ 128! ಹೋಳಿಗೆ ತಿಂದು ಕೊಲೆಸ್ಟ್ರಾಲ್ ಇಳಿಸಿಕೊಂಡ ಹಾಗೆ, ತಮಾಷೆ ಅಲ್ವಾ?

ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕವನ್ನು ನಂಬಲೇಬೇಡಿ, ನೇರವಾಗಿ ಅಳೆಯುವ 'ಡೈರೆಕ್ಟ್ ಎಲ್‌ಡಿಎಲ್' ಕೇಳಿ. ಇಲ್ಲದಿದ್ದರೆ ಎರಡು ಮೂರು ವಾರ ಬಿಟ್ಟು, ಒಂದೇ ಲ್ಯಾಬಿನಲ್ಲಿ, ರಾತ್ರಿ ಊಟದ ನಂತರ 10-12 ಗಂಟೆ ಬರೀ ನೀರು ಕುಡಿದು ಇನ್ನೊಮ್ಮೆ ಮಾಡಿಸಿ, ಎಲ್ಲ ರಿಪೋರ್ಟನ್ನೂ ಒಟ್ಟಿಗೆ ಡಾಕ್ಟರಿಗೆ ತೋರಿಸಿ.